ಯಾರನ್ನೂ ಹಿಂದೆ ಬಿಡದ ತರಗತಿ: ನಲಿ-ಕಲಿ ನಡೆದು ಬಂದ ದಾರಿ

ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಪಾಸಾದವರನ್ನು ಎಣಿಸುವುದು ಸುಲಭ. ಆದರೆ ಎಂಟನೇ ತರಗತಿಯ ಬಾಗಿಲಿಗೆ ಬರುವ ಮೊದಲೇ ಶಾಲೆ ಬಿಟ್ಟವರ ಹೆಸರು ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಅವರನ್ನು ಉಳಿಸಿಕೊಳ್ಳಲು ನಮ್ಮ ನಾಡು ಮಾಡಿದ ಒಂದು ದೊಡ್ಡ ಪ್ರಯತ್ನದ ಚರಿತ್ರೆಯನ್ನು ಇಲ್ಲಿ ನೆನೆಯುತ್ತೇನೆ.

ಪೆರೇಸಂದ್ರದ ಸುತ್ತಮುತ್ತ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಹಣ್ಣಾದ ದಿನ ಮಕ್ಕಳೂ ಚಂದ್ರಿಕೆಯ ಕೆಲಸಕ್ಕೆ ನಿಲ್ಲಬೇಕು. ನಾಲ್ಕು ದಿನ ಬಿಟ್ಟು ಬಂದ ಮಗುವಿಗೆ ಪಾಠ ಮುಂದೆ ಹೋಗಿರುತ್ತದೆ. ಪುಸ್ತಕ ಮಗುವಿಗಾಗಿ ಕಾಯುವುದಿಲ್ಲ.

ಈ ಸಮಸ್ಯೆಗೆ ಉತ್ತರ ಹುಟ್ಟಿದ್ದು ನಮಗೆ ದೂರವಲ್ಲದ ಕಡೆ. ಚಿಂತಾಮಣಿಯ ಆಚೆ ಗಡಿ ದಾಟಿದರೆ ಆಂಧ್ರದ ಮದನಪಲ್ಲಿ. ಅದರ ಹತ್ತಿರ ಜೆ. ಕೃಷ್ಣಮೂರ್ತಿಯವರು ಸ್ಥಾಪಿಸಿದ ರಿಷಿ ವ್ಯಾಲಿ ಶಾಲೆಯಿದೆ. ಅದರ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಪುಟ್ಟ ಶಾಲೆಗಳಿಗಾಗಿ ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಬಿಡಿಸಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿನಿಂದ ತಾವೇ ಕನ್ನಡ ಕಾರ್ಡುಗಳನ್ನು ಸಿದ್ಧಪಡಿಸಿದರು. ಅದೇ 'ನಲಿ-ಕಲಿ'. ಕಾಡಂಚಿನ ಆ ತಾಲೂಕಿನಲ್ಲೂ ಗೈರುಹಾಜರಿಯೇ ದೊಡ್ಡ ತೊಡಕಾಗಿತ್ತು. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು.

ನಲಿ-ಕಲಿ ಕೊಠಡಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ವೃತ್ತಾಕಾರದ ಗುಂಪುಗಳಲ್ಲಿ ಕೂರುತ್ತಾರೆ. ಇವುಗಳಿಗೆ 'ತಟ್ಟೆ' ಎಂದು ಹೆಸರು. ಒಂದರಲ್ಲಿ ಶಿಕ್ಷಕರು ಕಲಿಸುತ್ತಾರೆ, ಇನ್ನೊಂದರಲ್ಲಿ ಗೆಳೆಯರು ನೆರವಾಗುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕೆ ಏಣಿಯಂತೆ ಮೆಟ್ಟಿಲು ಮೆಟ್ಟಿಲಾಗಿದ್ದು, ನಡುನಡುವೆ ಮೈಲಿಗಲ್ಲುಗಳಿವೆ. ಅಕ್ಷರಗಳೂ ಅ, ಆ, ಇ ಕ್ರಮದಲ್ಲಿ ಬಾರದೆ, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬವುಗಳಿಂದ ಶುರುವಾಗುತ್ತವೆ. ಗೈರಾದ ಮಗು ಮರಳಿದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಏರುತ್ತದೆ. ನನ್ನ ವೃತ್ತಿಯಲ್ಲಿ ಕೆಲಸ ನಿಂತಲ್ಲಿಂದಲೇ ಮುಂದುವರಿಯುವಂತೆ ಪ್ರೋಗ್ರಾಂ ಬರೆಯುತ್ತೇವೆ. ಶಿಕ್ಷಕರು ಅದನ್ನು ರಟ್ಟಿನ ಕಾರ್ಡಿನಲ್ಲಿ ಸಾಧಿಸಿದರು.

ಅದೇ 1995ರಲ್ಲಿ ಅಂಗವಿಕಲರ ಹಕ್ಕುಗಳಿಗಾಗಿ ಸಂಸತ್ತು ಕಾಯ್ದೆ ಮಾಡಿತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 2016ರ ಹೊಸ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಎಲ್ಲರೊಡನೆ ಕೂತು ಕಲಿಯುವ ಶಿಕ್ಷಣವನ್ನು ಒತ್ತಿ ಹೇಳಿತು. ಕಾನೂನು ಮಗುವನ್ನು ಶಾಲೆಯ ಒಳಗೆ ತರಬಲ್ಲದು. ಒಳಗೆ ಬಂದ ಮಗುವಿಗೆ ಕೈಗೆಟಕುವ ಮೆಟ್ಟಿಲು ಬೇಕು.

ನಲಿ-ಕಲಿಗೆ ಮಿತಿಗಳೂ ಇವೆ. ಕಾರ್ಡು ಹರಿದರೆ, ಮಕ್ಕಳ ಸಂಖ್ಯೆ ಹೆಚ್ಚಿದರೆ, ಶಿಕ್ಷಕರಿಗೆ ಬೇರೆ ಕೆಲಸಗಳ ಹೊರೆ ಬಿದ್ದರೆ ತಟ್ಟೆಗಳು ಹೆಸರಿಗಷ್ಟೇ ಉಳಿಯುತ್ತವೆ. ಮೂರನೇ ತರಗತಿ ದಾಟಿದ ಮೇಲೆ ಏಣಿಯೂ ಮುಗಿಯುತ್ತದೆ. ಪ್ರೌಢಶಾಲೆಯಲ್ಲಿ ವರ್ಷಾರಂಭದ ಸೇತುಬಂಧವು ಹಳೆಯ ಕಂದರಗಳನ್ನು ಕೆಲವೇ ದಿನಗಳಲ್ಲಿ ತುಂಬಬೇಕಾಗುತ್ತದೆ.

ಇಲ್ಲಿ ಹಳೆಯ ವಿದ್ಯಾರ್ಥಿಗಳಾದ ನಮಗೆ ಕೆಲಸವಿದೆ. ಗಣಿತ, ವಿಜ್ಞಾನದ ಪಾಠಗಳಿಗೆ ಇಂಥ ಕಾರ್ಡುಗಳನ್ನು ಮುದ್ರಿಸಿಕೊಡಬಹುದು. ಮಂದದೃಷ್ಟಿಯ ಮಕ್ಕಳಿಗೆ ದಪ್ಪಕ್ಷರದಲ್ಲಿ, ತೆಲುಗು ಮನೆಮಾತಿನ ಮಕ್ಕಳಿಗೆ ಎರಡೂ ಭಾಷೆಯ ಪದಗಳೊಡನೆ. ರಜೆಗೆ ಊರಿಗೆ ಬಂದಾಗ ಒಂದು ಗುಂಪಿನೊಡನೆ ಕೂರಬಹುದು. ಶಾಲೆಯ ಶತಮಾನೋತ್ಸವದ ಸಂಚಿಕೆಯನ್ನು, ಇಂದು ಹಿಂದಿನ ಸಾಲಿನಲ್ಲಿ ಮೌನವಾಗಿ ಕೂತಿರುವ ಮಗುವೇ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್