ಒಂದೇ ಅಳತೆಯ ದೋಣಿ

2021ರ ಏಪ್ರಿಲ್ ತಿಂಗಳು. ನಮ್ಮ ಪಕ್ಕದ ಒಮಾನಿನ ಮುಸ್ಸನಾದಲ್ಲಿ ನಡೆದ ಹಾಯಿದೋಣಿ ಪಂದ್ಯದಿಂದ ನಾಲ್ವರು ಭಾರತೀಯರು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಅವರಲ್ಲಿ ನೇತ್ರಾ ಕುಮನನ್, ಹಾಯಿದೋಣಿಯಲ್ಲಿ ಒಲಿಂಪಿಕ್ಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಮಹಿಳೆ. ವರುಣ್ ಠಕ್ಕರ್ ಜೊತೆ ದೋಣಿ ನಡೆಸಿದ ಕೆ.ಸಿ. ಗಣಪತಿ ಕೊಡವ ಮನೆತನದವರು. ಗಲ್ಫ್‌ನಲ್ಲಿರೋ ನಮಗೆಲ್ಲ ಅವತ್ತು ಖುಷಿಯಾಗಿದ್ದು ಸಹಜ. ಆದರೆ ಈ ಆಟದಲ್ಲಿ ಇವರು ಗೆದ್ದದ್ದು ದೋಣಿಯ ಬಲದಿಂದಲೋ, ತಮ್ಮ ಬಲದಿಂದಲೋ ಅಂತ ಯಾರಾದರೂ ಕೇಳಿದರೆ ಉತ್ತರ ಏನು? ಆ ಉತ್ತರಕ್ಕೆ ನೂರ ಮೂವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

ಮೊದಲೆಲ್ಲ ಹಾಯಿದೋಣಿ ಪಂದ್ಯ ಅಂದರೆ ಸಾಹುಕಾರರ ಆಟ. ಯಾರ ಹತ್ತಿರ ದುಡ್ಡಿದೆಯೋ ಅವರು ಪ್ರತಿ ವರ್ಷ ಹೊಸ ದೋಣಿ ಕಟ್ಟಿಸುತ್ತಿದ್ದರು. ಇನ್ನಷ್ಟು ಉದ್ದ, ಇನ್ನಷ್ಟು ದೊಡ್ಡ ಹಾಯಿ. ಹೋದ ವರ್ಷ ಗೆದ್ದ ದೋಣಿ ಈ ವರ್ಷ ಮೂಲೆಗೆ. ಇದರಿಂದ ಬೇಸತ್ತ ಐರ್ಲೆಂಡಿನ ಥಾಮಸ್ ಮಿಡಲ್ಟನ್ ಎಂಬವರು ಒಂದು ಸರಳ ಮಾತು ಮುಂದಿಟ್ಟರು: ಎಲ್ಲರ ದೋಣಿಯೂ ಒಂದೇ ನಕ್ಷೆಯದ್ದಾಗಿರಲಿ, ಗೆಲುವನ್ನು ಕೈಚಳಕ ತೀರ್ಮಾನಿಸಲಿ. 1887ರಲ್ಲಿ ಡಬ್ಲಿನ್ ಕೊಲ್ಲಿಯಲ್ಲಿ ‘ವಾಟರ್ ವ್ಯಾಗ್’ ಎಂಬ ಪುಟ್ಟ ದೋಣಿಗಳ ಪಂದ್ಯ ಶುರುವಾಯಿತು. ಒಂದೇ ವಿನ್ಯಾಸದ ದೋಣಿಗಳ ಪಂದ್ಯಕ್ಕೆ ಇದೇ ಮೂಲ ಎನ್ನುತ್ತಾರೆ.

ಮಾತು ಸರಳ, ಪಾಲಿಸೋದು ಕಷ್ಟ. ನಿಯಮ ಬರೆದ ಮರುದಿನವೇ ಅದರ ಸಂದಿ ಹುಡುಕುವವರು ಹುಟ್ಟಿಕೊಳ್ಳುತ್ತಾರೆ. ಇದಕ್ಕೆ ‘ಫಿನ್’ ದೋಣಿಯ ಕಥೆ ಒಳ್ಳೆಯ ಉದಾಹರಣೆ. ಸ್ವೀಡನ್ನಿನ ರಿಕಾರ್ಡ್ ಸಾರ್ಬಿ ವಿನ್ಯಾಸ ಮಾಡಿದ ಈ ಒಬ್ಬರೇ ನಡೆಸುವ ದೋಣಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಬಂತು. ನಿಯಮದಲ್ಲಿ ಆಕಾರ ಇತ್ತು, ಕನಿಷ್ಠ ತೂಕವೂ ಇತ್ತು. ಫೈಬರ್‌ಗ್ಲಾಸ್ ಕಾಲ ಬಂದಾಗ ಕೆಲವು ತಯಾರಕರು ದೋಣಿಯ ಎರಡೂ ತುದಿಗಳನ್ನು ತೆಳ್ಳಗೆ ಮಾಡಿ, ಭಾರವನ್ನೆಲ್ಲ ನಡುವಿಗೆ ತಂದರು. ತಕ್ಕಡಿಗೆ ಹಾಕಿದರೆ ತೂಕ ಸರಿಯೇ. ಆದರೆ ಅಲೆಯಲ್ಲಿ ಅಂಥ ದೋಣಿ ಮುಗ್ಗರಿಸುವುದು ಕಡಿಮೆ, ಆದ್ದರಿಂದ ಓಟ ಜೋರು. ಲೆಕ್ಕದಲ್ಲಿ ತಪ್ಪಿಲ್ಲ, ನೀರಿನ ಮೇಲೆ ಮಾತ್ರ ಸಮಾನತೆ ಹೋಯಿತು.

ಫ್ರಾನ್ಸಿನ ಜಿಲ್ಬೇರ್ ಲಾಂಬೋಲೇ 1970ರ ದಶಕದಲ್ಲಿ ಇದಕ್ಕೊಂದು ಮದ್ದು ಕಂಡುಹಿಡಿದರು. ಅದು ನಮ್ಮ ಮನೆಯ ತೊಟ್ಟಿಲಿನ ಹಾಗೆ. ದೋಣಿಯನ್ನು ನೇತುಹಾಕಿ ಹಿಂದೆ ಮುಂದೆ ತೂಗುವುದು, ಒಂದು ತೂಗಿಗೆ ಎಷ್ಟು ಸೆಕೆಂಡು ಅಂತ ಗಡಿಯಾರ ಹಿಡಿದು ನೋಡುವುದು. ಆಮೇಲೆ ನೇತುಹಾಕುವ ಎತ್ತರ ಬದಲಾಯಿಸಿ ಮತ್ತೊಮ್ಮೆ. ಈ ಎರಡು ಲೆಕ್ಕದಿಂದ ಭಾರದ ಕೇಂದ್ರ ಎಲ್ಲಿದೆ, ಭಾರ ತುದಿಗಳತ್ತ ಎಷ್ಟು ಹರಡಿದೆ ಎಂಬುದು ಗೊತ್ತಾಗುತ್ತದೆ. ದೋಣಿಯನ್ನು ಕೊಯ್ದು ನೋಡಬೇಕಾಗಿಲ್ಲ. ತಕ್ಕಡಿ ಹೇಳದ ಸತ್ಯವನ್ನು ತೂಗುಯ್ಯಾಲೆ ಹೇಳಿತು.

ಇನ್ನೊಂದು ಕಥೆ ಬಟ್ಟೆಯದು. ಗಾಳಿ ಜೋರಾದಾಗ ದೋಣಿ ಮಗುಚದ ಹಾಗೆ ನಾವಿಕ ಹೊರಗೆ ಜೋತು ಬೀಳಬೇಕು. ಮೈಭಾರ ಹೆಚ್ಚಿದ್ದಷ್ಟೂ ಲಾಭ. ಅದಕ್ಕೇ ಒದ್ದೆ ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದರು, ನೀರು ತುಂಬುವ ಜಾಕೆಟ್ಟೂ ಬಂತು. ಗೆಲುವಿನ ಆಸೆಗೆ ಬೆನ್ನು, ಮಂಡಿ ಹಾಳು. ಕೊನೆಗೆ ಬಟ್ಟೆಬರೆಗೂ ತೂಕದ ಮಿತಿ ಹಾಕಬೇಕಾಯಿತು. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಸೋರಲು ಬಿಟ್ಟು, ಆಮೇಲೆ ತೂಗುತ್ತಾರೆ. ನಿಯಮ ಇರೋದು ಪೈಪೋಟಿಗೆ ಮಾತ್ರ ಅಲ್ಲ, ಮೈ ಉಳಿಸೋದಕ್ಕೂ ಹೌದು. ಸೈಟಿನಲ್ಲಿ ಭಾರ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೇತ್ರಾ ನಡೆಸಿದ್ದು ‘ಲೇಸರ್’ ಕುಟುಂಬದ ದೋಣಿ. 1969ರಲ್ಲಿ ಕೆನಡಾದ ಇಯಾನ್ ಬ್ರೂಸ್ ಜೊತೆ ಫೋನಿನಲ್ಲಿ ಮಾತಾಡುತ್ತಾ ಬ್ರೂಸ್ ಕರ್ಬಿ ಇದರ ಮೊದಲ ರೇಖಾಚಿತ್ರ ಗೀಚಿದರು. ಕಾರಿನ ಮೇಲೆ ಕಟ್ಟಿಕೊಂಡು ಹೋಗುವಂಥ, ಜೇಬಿಗೆ ಭಾರವಾಗದ ದೋಣಿ ಎಂಬುದು ಅವರ ಆಸೆ. ಇವತ್ತಿಗೆ 2 ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಆಟಗಾರರು ಸ್ವಂತ ದೋಣಿ ತರುವಂತಿಲ್ಲ, ಸಂಘಟಕರು ಕೊಟ್ಟದ್ದನ್ನೇ ನಡೆಸಬೇಕು.

ಇದರ ನಿಯಮದ ಜೀವಾಳ ಒಂದೇ ಸಾಲಿನಲ್ಲಿ ಹೇಳಬಹುದು: ‘ಮಾಡಬಹುದು’ ಅಂತ ಬರೆದಿಲ್ಲದಿದ್ದರೆ ಮಾಡುವಂತಿಲ್ಲ. ಒಡಲನ್ನು ಉಜ್ಜಿ ಆಕಾರ ಬದಲಿಸುವಂತಿಲ್ಲ, ಚುಕ್ಕಾಣಿಯ ಅಂಚನ್ನು ಹರಿತ ಮಾಡುವಂತಿಲ್ಲ. ಹಾಯಿ, ಕಂಬ ಎಲ್ಲವೂ ಅಧಿಕೃತ ತಯಾರಕರದ್ದೇ ಆಗಬೇಕು. ಹಾಗಂತ ಇಲ್ಲಿ ಗೋಳು ಇರಲಿಲ್ಲವೆಂದಲ್ಲ. ಹಳೆಯ ಹಾಯಿ ಬೇಗ ಸವೆಯುತ್ತಿತ್ತು; ದುಡ್ಡಿದ್ದವರು ದೊಡ್ಡ ಪಂದ್ಯಕ್ಕೆಲ್ಲ ಹೊಸ ಹಾಯಿ ತರುತ್ತಿದ್ದರು, ಉಳಿದವರು ಹಳೆಯದರಲ್ಲೇ ಏಗುತ್ತಿದ್ದರು. ಬಾಗಿಲಲ್ಲಿ ಓಡಿಸಿದ ದುಡ್ಡು ಕಿಟಕಿಯಿಂದ ಒಳಗೆ ಬಂದಂತಾಯಿತು. 2015ರಲ್ಲಿ ದಪ್ಪ ಬಟ್ಟೆಯ, ಹೆಚ್ಚು ಬಾಳುವ ಹಾಯಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಆ ವ್ಯತ್ಯಾಸ ತಗ್ಗಿತು.

ದೊಡ್ಡ ಬಿಕ್ಕಟ್ಟು ಬಂದಿದ್ದು 2019ರಲ್ಲಿ. ಈ ವರ್ಗದಲ್ಲಿ ಸಮಾನತೆಯ ಬೀಗ ಇರೋದು ಕಾರ್ಖಾನೆಯಲ್ಲಿ. ಎಲ್ಲ ತಯಾರಕರೂ ಒಂದೇ ಕೈಪಿಡಿ ಪ್ರಕಾರ, ಒಂದೇ ಸಾಮಗ್ರಿಯಲ್ಲಿ ಕಟ್ಟಬೇಕು. ಹಾಗೆ ಕಟ್ಟುತ್ತಿದ್ದಾರಾ ಅಂತ ನೋಡಲು ಬಂದವರಿಗೆ ಬಾಗಿಲು ತೆರೆಯಬೇಕು. ಒಬ್ಬ ದೊಡ್ಡ ತಯಾರಕ ತಪಾಸಣೆಗೆ ಒಪ್ಪಲಿಲ್ಲವೆಂದು ವರ್ಗದ ಸಂಘ ಅವರ ಜೊತೆ ಒಪ್ಪಂದ ಮುರಿಯಿತು. ‘ಲೇಸರ್’ ಎಂಬ ವ್ಯಾಪಾರದ ಹೆಸರನ್ನೂ ಬಿಡಬೇಕಾಯಿತು. ಐವತ್ತು ವರ್ಷ ಗಳಿಸಿದ ಹೆಸರು ಅದು! ಹೊಸ ದೋಣಿಗಳು ‘ಇಲ್ಕಾ’ ಹೆಸರಿನಲ್ಲಿ ಬಂದವು, ಹೊಸ ತಯಾರಕರಿಗೂ ಅವಕಾಶ ಸಿಕ್ಕಿತು. ಮಾನ್ಯತೆ ಇದ್ದ ಹಳೆಯ ಲೇಸರ್‌ಗಳನ್ನು ಮಾತ್ರ ಪಂದ್ಯದಿಂದ ಹೊರಹಾಕಲಿಲ್ಲ. ಉಳಿತಾಯದ ದುಡ್ಡಲ್ಲಿ ದೋಣಿ ಕೊಂಡಿದ್ದ ಸಾವಿರಾರು ಜನ ಬದುಕಿಕೊಂಡರು.

ನಮ್ಮಲ್ಲಿ ವೆಲ್ಡಿಂಗ್, ಫೈಬರ್, ಕ್ವಾಲಿಟಿ ಚೆಕ್ ಕೆಲಸ ಮಾಡುವವರು ಬಹಳ ಜನ. ಇನ್‌ಸ್ಪೆಕ್ಟರ್ ಟೇಪು ಹಿಡಿದು ಬಂದರೆ ‘ಬಂದ್ನಪ್ಪಾ’ ಅಂತ ಗೊಣಗೋದು ನಮಗೇನು ಹೊಸದಲ್ಲ. ಹಾಯಿದೋಣಿ ಪಂದ್ಯದಲ್ಲಿ ದಡಕ್ಕೆ ಬಂದ ಮೇಲೂ ಅಳತೆಗಾರ ಕಾಯುತ್ತಿರುತ್ತಾನೆ, ಮುಂದೆ ಬಂದವರ ದೋಣಿಯನ್ನೇ ಹಲವು ಸಲ ಆರಿಸಿ ಅಳೆಯುತ್ತಾನೆ. ಗೆದ್ದವರು ಒದ್ದೆ ಬಟ್ಟೆಯಲ್ಲೇ ಪಕ್ಕಕ್ಕೆ ನಿಂತು ಕಾಯುತ್ತಾರೆ. ಟೇಪು ಸರಿ ಅಂದ ಮೇಲೆ ‘ದೋಣಿ ಚೆನ್ನಾಗಿತ್ತು, ಅದಕ್ಕೇ ಗೆದ್ದ’ ಅಂತ ಯಾರೂ ಹೇಳುವಂತಿಲ್ಲ. ಆ ಗೆಲುವು ಪೂರ್ತಿ ಅವರದ್ದೇ.