ಫೈಬರ್ ಬಂದರೂ ಮುಗಿಯದ ರಿಪೇರಿ

ಫೈಬರ್ ದೋಣಿ ಬಂದ ಮೇಲೆ ರಿಪೇರಿಯ ಕಾಟ ತಪ್ಪಿತು, ಆಚಾರಿಯ ಕಸುಬು ಮುಳುಗಿತು ಎಂಬ ಮಾತು ಸುಲಭವಾಗಿ ಒಪ್ಪಿಗೆಯಾಗುವಂಥದ್ದು. ಅದರ ಎರಡನೆಯ ಅರ್ಧದಲ್ಲಿ ಸ್ವಲ್ಪ ನಿಜವಿದೆ, ಮೊದಲ ಅರ್ಧ ಮಾತ್ರ ಸುಳ್ಳು. ಮಂಗಳೂರಿನ ದೋಣಿಗಳ ಚರಿತ್ರೆಯಲ್ಲಿ ಕಟ್ಟಿದವರಿಗಿಂತ ದುರಸ್ತಿ ಮಾಡಿದವರ ಪಾಲೇ ದೊಡ್ಡದು. ಫೈಬರ್ ಅದನ್ನು ಕಿತ್ತುಕೊಳ್ಳಲಿಲ್ಲ, ಹೆಚ್ಚು ಕಷ್ಟದ್ದನ್ನಾಗಿ ಮಾಡಿತು.

1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ, ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯೆಮೆನ್‌ನ ವರ್ತಕರು ಇಳಿಯುತ್ತಿದ್ದುದನ್ನೂ ಇಲ್ಲಿ ಮೆಣಸು, ಶುಂಠಿ ಹೇರಳವಾಗಿದ್ದುದನ್ನೂ ದಾಖಲಿಸಿದ್ದಾನೆ. ಭಾರತ ಮತ್ತು ಯೆಮೆನ್‌ನ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಬಂಡೆಗೆ ಬಡಿದಾಗ ಮೊಳೆ ಹೊಡೆದ ಹಡಗು ಒಡೆದರೆ ಹೊಲಿದದ್ದು ಬಾಗಿ ಉಳಿಯುತ್ತದೆಂದೂ ಅವನು ಬರೆದ. ಆದರೆ ನಾರು ಸವೆಯುತ್ತದೆ. ಆಗ ಹೊಲಿಗೆ ಬಿಚ್ಚಿ, ಹಲಗೆ ಒಣಗಿಸಿ, ಮತ್ತೆ ಹೊಲಿಯಬೇಕು. ಅಂದರೆ ಕಟ್ಟುವಾಗಲೇ ರಿಪೇರಿಯನ್ನು ಲೆಕ್ಕಕ್ಕೆ ಹಿಡಿದ ಹಡಗು ಅದು. ಮೊಳೆ ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಮಳೆಗಾಲದಲ್ಲಿ ಕಡಲು ಮುಚ್ಚುತ್ತಿತ್ತು, ಮಂಜಿ ಎಂಬ ಸರಕಿನ ಹಾಯಿ ಹಡಗುಗಳು ದಡ ಸೇರುತ್ತಿದ್ದವು. ಸಂದುಗಳಿಗೆ ನಾರು ತುರುಕಿ, ಮೀನೆಣ್ಣೆಯನ್ನೋ ಗೇರು ಸಿಪ್ಪೆಯ ಎಣ್ಣೆಯನ್ನೋ ಬಳಿದರೆ ಮರ ಕೊರೆಯುವ ಹುಳುವಿನಿಂದ ಒಂದಿಷ್ಟು ಕಾಲ ರಕ್ಷಣೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯ ಹೆಂಚು ಇಂಥ ಹಡಗುಗಳಲ್ಲೂ ಕಡಲು ದಾಟಿ ಹೆಸರು ಮಾಡಿದ್ದರ ಹಿಂದೆ ಈ ಎಣ್ಣೆ ಮೆತ್ತಿದ ಕೈಗಳೂ ಇದ್ದವು. ಹೆಂಚಿನ ಚರಿತ್ರೆ ಬರೆದವರು ಅವನ್ನು ಅಷ್ಟಾಗಿ ನೆನೆಯುವುದಿಲ್ಲ.

ಫೈಬರ್ ಮೊದಲು ಮರದ ದೋಣಿಗಳಿಗೆ ಹೊದಿಕೆಯಾಗಿಯೂ ಬಳಕೆಗೆ ಬಂತು. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮರದ ಒಡಲಿಗೆ ಹೊದಿಕೆ ಹಾಕುವ ವಿಧಾನಗಳ ಮೇಲೆ ಕೆಲಸ ಮಾಡಿತು. ಅಚ್ಚಿನಲ್ಲಿ ಎರಕವಾಗುವ ಪೂರ್ಣ ಫೈಬರ್ ನಾಡದೋಣಿಯೂ ಬಂತು. ಹುಳುವಿನ ಕಾಟ ಹೋಯಿತು, ಒಪ್ಪೋಣ. ಆದರೆ ಮರದ ರೋಗ ಕಣ್ಣಿಗೆ ಕಾಣುತ್ತಿತ್ತು, ಫೈಬರಿನ ರೋಗ ಒಳಗಿರುತ್ತದೆ. ಹೊರಮೈಯ ಲೇಪವಾದ ಜೆಲ್‌ಕೋಟ್‌ನ ಕೂದಲೆಳೆಯ ಬಿರುಕಿನಿಂದ ಒಳಹೋದ ನೀರು ರೆಸಿನ್‌ನ ಜೊತೆ ಸೇರಿ ಹುಳಿಯಾಗಿ, ಗುಳ್ಳೆ ಎಬ್ಬಿಸಿ, ಪದರಗಳನ್ನು ಬಿಡಿಸುತ್ತದೆ. ಅನುಭವಿ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾನೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಟೊಳ್ಳು ಸದ್ದು. ಕೆಟ್ಟ ಭಾಗ ಕತ್ತರಿಸಿ, ಅಂಚನ್ನು ದಪ್ಪದ ಸುಮಾರು 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಚೆನ್ನಾಗಿ ಒಣಗಿಸಿ, ಗಾಜಿನ ನಾರಿನ ಮ್ಯಾಟ್ ಮೇಲೆ ಮ್ಯಾಟ್ ಕೂರಿಸಿ ರೆಸಿನ್ ಹಚ್ಚಬೇಕು. ಹೊಸ ರೆಸಿನ್ ಹಳೆಯದರೊಂದಿಗೆ ಬೆರೆಯುವುದಿಲ್ಲ, ಉಜ್ಜಿದ ಗೀರುಗಳನ್ನು ಹಿಡಿದು ನಿಲ್ಲುತ್ತದೆ ಅಷ್ಟೆ. ಉಜ್ಜುವುದರಲ್ಲಿ ಸೋಮಾರಿತನ ಮಾಡಿದರೆ ತೇಪೆ ಮೊದಲ ಅಲೆಗೇ ಎದ್ದುಬರಬಹುದು.

ತೇವ ಈ ಕೆಲಸದ ಶತ್ರು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರಬೇಕು, ಫೈಬರ್ ಕೆಲಸ ಇರುವ ಬೋಟಿಗೂ ಬಿಡುವು ಸಿಗುವುದು ಆಗಲೇ. ಆದರೆ ರೆಸಿನ್‌ಗೆ ಅದಕ್ಕಿಂತ ಕೆಟ್ಟ ಎರಡು ತಿಂಗಳು ಮಂಗಳೂರಿನಲ್ಲಿ ಬೇರೆ ಇಲ್ಲ. ಮಳೆಗಾಲದಲ್ಲೇ ಕಡಲಿಗಿಳಿಯುವ ನಾಡದೋಣಿಗಳಿಗೆ ಬೇಸಿಗೆಯಲ್ಲೇ ಕೆಲಸ ಮುಗಿಯಬೇಕು. ಆಗ ಸೆಕೆಗೆ ರೆಸಿನ್ ಬೇಗ ಗಟ್ಟಿಯಾಗುವುದರಿಂದ ಹಾರ್ಡನರ್ ಕಡಿಮೆ ಹಾಕುವ ಹದ ಗೊತ್ತಿರಬೇಕು.

ಮರಗೆಲಸವಂತೂ ಹೋಯಿತಲ್ಲ ಎಂದು ಕೇಳಬಹುದು. ಹೊಸ ಮರದ ದೋಣಿ ಅಪರೂಪವಾದದ್ದು ನಿಜ, ದೊಡ್ಡ ಬೋಟುಗಳು ಉಕ್ಕಿನತ್ತ ಹೊರಳಿದ್ದೂ ನಿಜ. ಆದರೆ ಅಚ್ಚಿಗೆ ಬೇಕಾದ ಮಾದರಿಯ ಬಾಗು, ಮೂತಿಯ ಏರು ಇವೆಲ್ಲ ಆಚಾರಿಯ ಕಣ್ಣಿನ ಲೆಕ್ಕಗಳೇ. ಕೆಟ್ಟರೆ ಹೊಸದು ಕೊಳ್ಳಲಿ ಎನ್ನುವವರಿಗೂ ಉತ್ತರವಿದೆ. ಮರದ ದೋಣಿ ಕೊನೆಗೆ ಸೌದೆಯಾಗುತ್ತಿತ್ತು. ಫೈಬರ್ ಸುಟ್ಟರೆ ವಿಷದ ಹೊಗೆ, ಹೂತರೆ ಕರಗದು. ಹಾಗಾಗಿ ದಕ್ಕೆಯ, ಅಂದರೆ ಮೀನುಗಾರಿಕಾ ಬಂದರಿನ, ಯೋಜನೆ ಬರೆಯುವವರು ಜೆಟ್ಟಿಯ ಉದ್ದವನ್ನಷ್ಟೇ ಅಳೆಯದೆ, ಮಳೆ ಸೋಕದ, ಗಾಳಿಯಾಡುವ ಒಂದು ರಿಪೇರಿ ಶೆಡ್ಡಿಗೂ ಜಾಗ ಗುರುತಿಸಲಿ.