ಇಲಿ ಬಿದ್ದ ಕಾಲದಿಂದ ಹಕ್ಕಿಜ್ವರದವರೆಗೆ: ಮಂಗಳೂರಿನ ಪೂರ್ವಸಿದ್ಧತೆ

‘ಇಲಿ ಬಿತ್ತು’ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಕಾಲಕ್ಕೆ ವ್ಯಾಖ್ಯಾನವು ಬೇಕಾಗಿರಲಿಲ್ಲ. ಇಲಿಯೊಂದು ಮಾಡಿನಿಂದ ಸತ್ತು ಬಿದ್ದಿತೆಂದರೆ ಊರಿಗೆ ಪ್ಲೇಗು ಬಂದಿತೆಂದೇ ಅರ್ಥ. ಜನರು ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮನುಷ್ಯನಿಗೆ ಮೊದಲು ಪ್ರಾಣಿಯನ್ನು ಹಿಡಿಯುವ ಬೇನೆಗೆ ಪ್ರಾಣಿಯ ಸಾವೇ ಮುನ್ಸೂಚನೆಯೆಂಬ ಈ ತಿಳಿವಳಿಕೆಯು ಶಾಸ್ತ್ರದ ನಿರ್ಣಯಕ್ಕಾಗಿ ಕಾದು ಕುಳಿತುದಲ್ಲ. ಇಲಿಯ ಚಿಗಟದಿಂದ ಪ್ಲೇಗು ಹರಡುವುದೆಂದು ಫ್ರೆಂಚ್ ವೈದ್ಯನಾದ ಸಿಮೋಂ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ವಿದ್ವಾಂಸರು ಅದನ್ನೊಪ್ಪಲು ಮತ್ತೂ ಕೆಲವು ವರ್ಷಗಳು ಹಿಡಿದುವು.

ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡುದು 1896ರಲ್ಲಿ. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಮಂಗಳೂರಿಗೆ ರೈಲುಹಾದಿ ಬಂದುದು 1907ರಲ್ಲಿ. ಅದಕ್ಕೆ ಮೊದಲು ಮುಂಬಯಿಯೊಡನೆ ಈ ಊರಿನ ಬಳಕೆಯೆಲ್ಲ ಬಹುಮಟ್ಟಿಗೆ ಕಡಲಿನ ಮೂಲಕವೇ. ಜರ್ಮನ್ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರರು ಕಂಕನಾಡಿಯಲ್ಲಿ ಪ್ಲೇಗಿನ ಆಸ್ಪತ್ರೆಯನ್ನು ತೆರೆದುದು 1902ರಲ್ಲಿ. ಚರಿತ್ರಕಾರರು ಸಾಮಾನ್ಯವಾಗಿ ಈ ವರ್ಷವನ್ನೇ ಎತ್ತಿ ಹೇಳುವರು. ಆದರೆ ನಿಜವಾದ ಸಿದ್ಧತೆಯು ಅದಕ್ಕೂ ಇಪ್ಪತ್ತೆರಡು ವರ್ಷ ಹಿಂದಿನದು. 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಗಳನ್ನು ಹಂಚಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದ ಸ್ಥಳದ ಮೇಲೆ ಜನರಿಗೆ ನಂಬುಗೆ ಬೆಳೆದಿತ್ತು. ಸರಕಾರವು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹಿಡಿದು ಮನೆ ಹೊಕ್ಕು ಶೋಧಿಸಿದ ಪುಣೆ, ಮುಂಬಯಿಗಳಲ್ಲಿ ಜನರು ರೋಗಿಗಳನ್ನು ಬಚ್ಚಿಟ್ಟರೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು.

1918ರ ಇನ್‌ಫ್ಲುಯೆಂಜಕ್ಕೆ ಇಂಥ ಮುನ್ಸೂಚನೆಯೇ ಇರಲಿಲ್ಲ. ಭಾರತದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂದ ಆ ಬೇನೆಯ ವಿಷಾಣುವು ಹಕ್ಕಿಗಳ ವಿಷಾಣುಗಳಿಗೆ ಹತ್ತಿರದ್ದೆಂದು ತಿಳಿದುದು ಎಷ್ಟೋ ದಶಕಗಳ ಮೇಲೆ.

ಹಕ್ಕಿಜ್ವರದಲ್ಲಿ ಮುನ್ಸೂಚನೆಯು ಮತ್ತೆ ಕಣ್ಣಿಗೆ ಬೀಳುವಂತಿದೆ: ಇಲಿಯ ಸ್ಥಾನದಲ್ಲಿ ಕೋಳಿ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ತಗಲಿ 6 ಜನರನ್ನು ಕೊಂದ ಈ ಬೇನೆಯು ಭಾರತದ ಕೋಳಿಗಳಲ್ಲಿ ಮೊದಲು ಕಂಡುದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಿಗೂ, 2020ರಲ್ಲಿ ಮೈಸೂರು, ಹರಿಹರಗಳ ಕಡೆಯ ಕೋಳಿಗಳಿಗೂ ಅದು ತಗಲಿತು. 2021ರ ಜನವರಿಯಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಬಾತುಗಳು ಸತ್ತಾಗ ಗಡಿಜಿಲ್ಲೆಯಾದ ದಕ್ಷಿಣ ಕನ್ನಡವು ಎಚ್ಚತ್ತಿತು. ಮಂಗಳೂರಿನ ಸಮೀಪದ ಮಂಜನಾಡಿಯಲ್ಲಿ ಕಾಗೆಗಳು ಸತ್ತು ಬಿದ್ದುವು. ಮಾದರಿಗಳನ್ನು ಪರೀಕ್ಷಿಸಿದಾಗ ಹಕ್ಕಿಜ್ವರವಲ್ಲವೆಂದು ಗೊತ್ತಾಯಿತು. ಸತ್ತ ಕಾಗೆಯನ್ನು ಕಂಡವರು ಸುಮ್ಮನಿರದೆ ತಿಳಿಸಿದರೆಂಬುದೇ ಇಲ್ಲಿ ಮುಖ್ಯ.

ಕಾಗೆಯ ವಿಷಯದಲ್ಲಿ ಇದು ಸುಲಭ, ಅದಕ್ಕೆ ಒಡೆಯನಿಲ್ಲ. ಕೋಳಿಯ ಮಾತು ಬೇರೆ. ತುಳುನಾಡಿನಲ್ಲಿ ಅದು ಕೋರಿ ರೊಟ್ಟಿಗೆ ಮಾತ್ರವಲ್ಲದೆ ಭೂತದ ಹರಕೆಗೂ ಅಂಕಕ್ಕೂ ಬೇಕಾದುದು. ಸಾಕಿದವನಿಗೆ ಬದುಕಿನ ಆಧಾರ. ಬೇನೆ ನಿಶ್ಚಯವಾದರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ ಕೊಲ್ಲುವುದೂ, ಹತ್ತು ಕಿಲೋಮೀಟರಿನವರೆಗೆ ಕಣ್ಣಿಡುವುದೂ ಕೇಂದ್ರ ಸರಕಾರದ ಕ್ರಮ. ಹೀಗೆ ಸರಕಾರವು ಕೊಂದ ಕೋಳಿಗೆ ಪರಿಹಾರವುಂಟು. ಅದಕ್ಕೆ ಮೊದಲೇ ಬೇನೆಯಿಂದ ಸತ್ತುದಕ್ಕೆ ಇಲ್ಲ. ಬೇಗ ತಿಳಿಸಿದವನಿಗೆ ನಷ್ಟವು ಕಡಿಮೆಯಾಗಲೆಂಬುದು ಇದರ ಹಿಂದಿನ ಲೆಕ್ಕಾಚಾರ. ಆದರೆ ಹತ್ತು ಕೋಳಿಗಳಲ್ಲಿ ನಾಲ್ಕು ಆಗಲೇ ಸತ್ತ ಮನೆಯವನಿಗೆ ಈ ಲೆಕ್ಕವು ಹಿಡಿಸೀತೇ, ಅಥವಾ ಉಳಿದ ಆರನ್ನು ಅವನು ರಾತ್ರಿಯೇ ಸಂತೆಗೆ ಸಾಗಿಸಿಯಾನೇ ಎಂಬುದನ್ನು ನಿಯಮವು ಹೇಳುವುದಿಲ್ಲ.